ತಾವು ಬಂದ ದಿನ ತರಗತಿ ಮೌನವಾಗಿತ್ತು

ಮಾನ್ಯ ವಿದ್ಯಾಧಿಕಾರಿಗಳೇ,

ಶ್ರವಣ ಸಾಧನ ಹಾಕಿಕೊಂಡರೆ ನನಗೆ ಎಲ್ಲವೂ ಕೇಳಿಸುತ್ತದೆಂದು ತಾವು ಬರೆದ ವರದಿ ಸುಳ್ಳು. ನನ್ನ ನಾಲ್ಕನೇ ತರಗತಿಯನ್ನು ಹೆದ್ದಾರಿ ಬದಿಯಿಂದ ಶಾಲೆಯ ಹಿಂದಿನ ಕೋಣೆಗೆ ಬದಲಾಯಿಸಿಕೊಡಿ ಎಂಬ ಅರ್ಜಿಯನ್ನು ತಾವು ಅದರ ಬಲದಿಂದಲೇ ತಳ್ಳಿಹಾಕಿದಿರಿ. ಸರಕಾರಿ ನೌಕರಳು ಹೀಗೆ ಪತ್ರಿಕೆಗೆ ಬರೆಯಬಾರದೆಂದು ನನಗೆ ಗೊತ್ತು. ಕಚೇರಿಗೆ ಬರೆದರೆ ಯಾರೂ ಓದುವುದಿಲ್ಲವೆಂಬುದೂ ಗೊತ್ತಾಗಿದೆ.

ತಮ್ಮ ಪರೀಕ್ಷೆಯ ವೈಭವವನ್ನು ಓದುಗರೂ ತಿಳಿಯಲಿ. ಸಾಹೇಬರು ಬರುತ್ತಾರೆಂದು ಮುಖ್ಯೋಪಾಧ್ಯಾಯ ಕೇಶವಪ್ರಸಾದರು ಬೆಳಗ್ಗೆಯೇ ಮಕ್ಕಳಿಗೆ ತಾಕೀತು ಮಾಡಿದ್ದರು. ತಮಗೆ ಧೂಳು ತಾಗಬಾರದೆಂದು ರಸ್ತೆ ಬದಿಯ ಕಿಟಕಿಗಳನ್ನು ಮುಚ್ಚಿಸಿದ್ದರು. ಮಕ್ಕಳು ಕೈಕಟ್ಟಿ ಕುಳಿತಿದ್ದರು. ತಾವು ನನ್ನ ಎದುರೇ ನಿಂತು ಊರು ಯಾವುದು, ಸರ್ವೀಸ್ ಎಷ್ಟಾಯಿತು ಎಂದು ವಿಚಾರಿಸಿದಿರಿ. ನಾನು ಉತ್ತರಿಸಿದೆ. "ಮತ್ತೆ ಎಂತ ಸಮಸ್ಯೆ ಟೀಚರೇ, ಮಿಷನ್ ಉಂಟಲ್ಲ?" ಎಂದು ನಕ್ಕು ಚಹಾಕ್ಕೆ ಹೊರಟಿರಿ. ಅಂಥ ಮೌನ ದಿನವೂ ಸಿಗುವುದಾದರೆ ನಾನು ಅರ್ಜಿಯನ್ನೇಕೆ ಹಾಕುತ್ತಿದ್ದೆ?

ಮಿಷನ್ ಇದೆ, ನಿಜ. ಎದುರಿಗೆ ಒಬ್ಬರೇ ಮಾತನಾಡುವಾಗ ಅದರಿಂದ ಬಹಳ ಉಪಕಾರ. ಆದರೆ ಟಿಪ್ಪರಿನ ಹಾರ್ನ್, ಬೆಂಚು ಎಳೆಯುವ ಸದ್ದು, ಫ್ಯಾನಿನ ಗರಗರ, ಮಕ್ಕಳ ಗಲಾಟೆ ಎಲ್ಲವನ್ನೂ ಅದು ಮಾತಿನ ಜೊತೆಗೇ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ಅದರಲ್ಲಿ ಹಿಂದಿನ ಬೆಂಚಿನ ಮಗುವಿನ ಮಾತನ್ನು ಹೆಕ್ಕಿಕೊಳ್ಳಲು ನನ್ನ ಕೆಟ್ಟ ಕಿವಿಗೆ ಆಗುವುದಿಲ್ಲ. ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಹಿಂದಿನ ಕೋಣೆಯಲ್ಲಿ ಯಾರಿದ್ದಾರೆ ಎಂದು ತಾವು ಕೇಳಲಿಲ್ಲ. ಮುರಿದ ಬೆಂಚುಗಳಿವೆ, ಪರಮ ನೆಮ್ಮದಿಯಿಂದ.

ಕಳೆದ ವಾರ ಸ್ಪಂದನಾ ಎಂಬ ಹುಡುಗಿ ಎದ್ದು ನಿಂತು ಏನೋ ಕೇಳಿದಳು. ವರ್ಷವಿಡೀ ಬಾಯಿ ಬಿಡದವಳು. ಇನ್ನೊಮ್ಮೆ ಹೇಳು ಎಂದೆ. ಹೇಳಿದಳು. ಹತ್ತಿರ ಹೋಗಿ ಬಗ್ಗಿದಾಗ ಹೊರಗೆ ಬಸ್ಸಿನವನು ಹಾರ್ನ್ ಒತ್ತಿ ಹಿಡಿದ. ಮಕ್ಕಳು ನಕ್ಕರು. ಅವಳು ನನ್ನ ಮುಖವನ್ನೇ ನೋಡಿ, "ಸಾರ ಇಲ್ಲ ಟೀಚರೇ" ಎಂದು ಕುಳಿತಳು. ತುಟಿ ನೋಡಿಯೇ ಅದು ತಿಳಿಯಿತು, ಎಲ್ಲರೂ ನನಗೆ ಕೊನೆಗೆ ಹೇಳುವುದು ಅದನ್ನೇ, ಪರವಾಗಿಲ್ಲ ಬಿಡಿ ಎಂದು. ಬಿಡುವಿನಲ್ಲಿ ಕರೆದು ವಿಚಾರಿಸಿದರೆ ಮರೆತುಹೋಯಿತು ಎಂದಳು. ನನಗೆ ಅಳು ಬಂತು. ಆಮೇಲೆ ಅವಳು ಎದ್ದು ನಿಂತಿಲ್ಲ.

ಆ ಬೆಂಚುಗಳನ್ನು ಹೊರಹಾಕಿಸಿ, ಈ ತಿಂಗಳೊಳಗೆ ಕೋಣೆಯನ್ನು ನನ್ನ ಮಕ್ಕಳಿಗೆ ಕೊಡಿ. ಸಂಶಯವಿದ್ದರೆ ಹೇಳದೆ ಬನ್ನಿ, ಕಿಟಕಿಗಳು ತೆರೆದೇ ಇರಲಿ, ಹಿಂದಿನ ಬೆಂಚಿನಲ್ಲಿ ಕುಳಿತು ಪಾಠದ ನಡುವೆ ನನಗೊಂದು ಪ್ರಶ್ನೆ ಹಾಕಿ. ಮಾರ್ಚಿನಲ್ಲಿ ಸ್ಪಂದನಾ ನನ್ನ ತರಗತಿ ಬಿಡುತ್ತಾಳೆ. ಅದಕ್ಕೆ ಮೊದಲು ಅವಳು ಇನ್ನೊಂದು ಪ್ರಶ್ನೆ ಕೇಳಬೇಕು, ಅದಕ್ಕೆ ನಾನು ಉತ್ತರ ಹೇಳಬೇಕು.

ಇಂತಿ,
ಮಕ್ಕಳ ಕರುಣೆಯಿಂದ ದಿನ ದೂಡುತ್ತಿರುವ
ಪರಮೇಶ್ವರಿ ಟೀಚರ್, ಉಪ್ಪಳ