ಇಬ್ಬರು ಬೇಕಾದ ಹರಿಗೋಲು

ಕಪ್ಪತಗುಡ್ಡ,
ಫೆಬ್ರವರಿ ಮೂವತ್ತು, ೨೨೧೭

ಆಟ ಕಟ್ಟಲು ಜೊತೆಗಾರರನ್ನು ಹುಡುಕುತ್ತಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ; ತಿಂಗಳುಗಳೆಲ್ಲ ಸಮನಾಗಿರಲೆಂದು ನಮ್ಮವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಸಾಹಿತ್ಯದ ಪದವಿಗಾಗಿ ನಿಮ್ಮ ಕಾಲದ ಬರಹಗಳನ್ನು ಓದಿದ್ದೇನೆ, ಅಲ್ಲಿ ಕಲಿತದ್ದನ್ನೇ ಬಳಸುತ್ತಿದ್ದೇನೆ. "ನಮ್ಮ ಗೇಮಿಗೆ ಚಿತ್ರ ಬಿಡಿಸುವವರು ಬೇಕು, ಸಂಬಳ ಇಲ್ಲ, ಚಹಾ ಉಂಟು" ಎಂದು ನೀವು ಹಾಕುತ್ತಿದ್ದ ಪ್ರಕಟಣೆಗಳೇ ನನಗೆ ಎಲ್ಲಕ್ಕಿಂತ ಇಷ್ಟ.

ನಾವಿರುವುದು ನೀವು ಗುಡ್ಡದ ಮೇಲೆ ನಿಲ್ಲಿಸಿದ ಗಾಳಿಯಂತ್ರಗಳ ಕಂಬಗಳೊಳಗೆ. ರೆಕ್ಕೆಗಳು ಎಂದೋ ಉದುರಿವೆ. ಕೋಣೆಗಳು ದುಂಡಗಿವೆ, ಕಪಾಟು ಯಾವ ಗೋಡೆಗೂ ಒರಗುವುದಿಲ್ಲ. ಮನೆಮನೆಯಲ್ಲೂ ಒಂದು ಮುಗಿಸುಗ ಇದೆ: ಬೇಕೆಂದದ್ದನ್ನು ಹೇಳಿದರೆ, ಕೈಯಲ್ಲಿರುವ ಚಹಾ ಆರುವುದರೊಳಗೆ ಮಾಡಿ ಮುಗಿಸುವ ಯಂತ್ರ. ಹಾಡು, ಆಟ, ಸತ್ತವರ ಮುಂದೆ ಆಡಿಕೊಂಡು ಅಳುವ ಮಾತು, ಎಲ್ಲವೂ ಅದರದೇ. ಹೀಗಾಗಿ ಒಂದು ರೂಢಿ ಬೆಳೆದಿದೆ. ಒಬ್ಬರ ಆಸೆ ಕಿವಿಗೆ ಬಿದ್ದರೆ ಅದನ್ನು ಮುಗಿಸಿಕೊಂಡೇ ಅವರ ಮನೆಗೆ ಹೋಗಬೇಕು. ಬರಿಗೈಲಿ ಹೋದರೆ ಮರ್ಯಾದೆಯಲ್ಲ.

ನಾನು ಮಾತು ಕಡಿಮೆಯವನು. ಆದರೂ ಧೈರ್ಯ ಮಾಡಿ ಊರ ನಲ್ಲಿಯ ಬಳಿ ಚೀಟಿ ಅಂಟಿಸಿದೆ. ನನ್ನ ಆಟದಲ್ಲಿ ಒಂದು ಹರಿಗೋಲಿದೆ. ಒಬ್ಬರೇ ಹುಟ್ಟು ಹಾಕಿದರೆ ನಿಂತಲ್ಲೇ ಸುತ್ತುತ್ತದೆ, ಇಬ್ಬರು ಕೂಗಿ ಹೊಂದಿಸಿಕೊಂಡರೆ ಮಾತ್ರ ದಡ ಸೇರುತ್ತದೆ. ಅದನ್ನು ಕೈಯಿಂದಲೇ ಕಟ್ಟಲು ಚಿತ್ರಕ್ಕೊಬ್ಬರು, ಸದ್ದಿಗೊಬ್ಬರು ಬೇಕೆಂದು ಬರೆದೆ.

ಮೊದಲು ಪಕ್ಕದ ಕಂಬದ ದಾಕ್ಷಾಯಣಿ ಅಕ್ಕ ಬಂದಳು. ಯಾರೂ ನೋಡದಾಗ ಗೋಡೆಯ ಮೇಲೆ ಇದ್ದಿಲಿನಿಂದ ಮೇಕೆ ಬಿಡಿಸುವವಳು. ಅವಳನ್ನು ನೆನೆದೇ ಚೀಟಿ ಬರೆದಿದ್ದೆ. ಮುಗಿಸುಗ ಆಟ ತುಂಬಿಕೊಟ್ಟ ಹೊಳೆಯುವ ಬಿಲ್ಲೆಯೊಂದನ್ನು ಕೈಗಿಟ್ಟಳು. "ತಗೋ ತಮ್ಮಾ, ನಿನ್ನ ಆಟ ಮುಗೀತು. ಆ ಕಡೀ ಹುಟ್ಟು ಮುಗಿಸುಗನ ಹಾಕ್ತೈತಿ. ಇನ್ನ ನಿನಗ ಯಾರ ಹಂಗೂ ಇಲ್ಲ." ಆಡಿ ನೋಡಿದೆ. ನೀರು ಸುಂದರವಾಗಿತ್ತು. ಹರಿಗೋಲು ಒಮ್ಮೆಯೂ ಸುತ್ತಲಿಲ್ಲ. ಆಮೇಲೆ ಬಂದವರೂ ಅದನ್ನೇ ತಂದರು. ಎಲ್ಲರಿಗೂ ಚಹಾ ಕೊಟ್ಟೆ.

ಕೊನೆಗೆ ನಲ್ಲಿ ಕಾಯುವ ಫಕ್ಕೀರಪ್ಪಣ್ಣ ಬಂದರು. ನೀರು ಬಾರದ ದಿನ ಮಕ್ಕಳನ್ನು ನಗಿಸಲು ಬಾಯಲ್ಲೇ ನೀರು ಸುರಿಯುವ ಸದ್ದು ಮಾಡುವವರು. ಬಾಗಿಲಲ್ಲೇ ನಿಂತು, "ನಮ್ಮ ಮುಗಿಸುಗ ಕೆಟ್ಟೈತೋ ತಮ್ಮಾ. ಬರಿಗೈಲೆ ಬಂದೀನಿ, ಏನೂ ಅನ್ಕೋಬ್ಯಾಡ" ಎಂದರು.

ನಾನು ಬಾಗಿಲನ್ನು ಪೂರ್ತಿ ತೆರೆದೆ. "ನನಗ ಅದ ಬೇಕಾಗಿತ್ತು ಅಣ್ಣಾ. ಒಳಗ ಬರ್ರಿ, ಕುಂದರ್ರಿ."

"ಭಾಳ ಶಾಣ್ಯಾ ಆಗೀಯಲ್ಲೋ! ನನ್ನ ಮಾನ ಉಳಸಾಕ ಅನ್ನಾಕತ್ತಿ, ತಿಳೀತೈತಿ ನನಗ" ಎಂದು ನಕ್ಕು ಇಳಿಯತೊಡಗಿದರು. ಮೆಟ್ಟಿಲುಗಳುದ್ದಕ್ಕೂ ಹಿಂದೆ ಓಡಿ ಬೇಡಿಕೊಂಡೆ. ಬೇಡಿಕೊಂಡಷ್ಟೂ ಅವರ ನಾಚಿಕೆ ಹೆಚ್ಚಾಯಿತು. ಯಂತ್ರ ರಿಪೇರಿ ಮಾಡಿಸಿ ಮರುದಿನವೇ ಬಿಲ್ಲೆ ತಂದುಕೊಟ್ಟರು. ಅದರಲ್ಲಿ ನೀರಿನ ಸದ್ದು ಬಹಳ ಚೆನ್ನಾಗಿದೆ. ಅವರದಲ್ಲ.

ಮತ್ತೆ ಯಾರೂ ಬಂದಿಲ್ಲ. ಚೀಟಿಯ ಮೇಲೆ ಯಾರೋ "ಆಗಿದೆ" ಎಂದು ಬರೆದಿದ್ದಾರೆ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಪ್ರಕಟಣೆ ನೋಡಿ ಏನೂ ಬಾರದವರು, ಏನೂ ತಾರದವರು ಬಂದರೆ ಹಿಂದಕ್ಕೆ ಕಳಿಸಬೇಡಿ. ಅವರ ಮೇಕೆಗೆ ಐದು ಕಾಲಿದ್ದರೂ ಇರಲಿ; ಜಗಳವಾಡಿ, ಮತ್ತೆ ಬಿಡಿಸಿ. ಮುಗಿಯದಿದ್ದರೆ ಹಾಗೆಯೇ ಎಲ್ಲಾದರೂ ಇಟ್ಟು ಹೋಗಿ. ನಿಮ್ಮ ಅರ್ಧ ಆಟ ನನಗೆ ಸಿಕ್ಕರೆ ಇನ್ನರ್ಧಕ್ಕೆ ಕೂರುತ್ತೇನೆ. ಅಷ್ಟರಲ್ಲಿ ನೀವು ಸತ್ತು ಎಷ್ಟೋ ಕಾಲವಾಗಿರುತ್ತದೆ, ಗೊತ್ತು. ಆದರೆ ಜೊತೆಗೆ ಬನ್ನಿ ಎಂದು ಕೇಳಲು ಇಲ್ಲಿ ಇನ್ನು ಯಾರೂ ಉಳಿದಿಲ್ಲ.

ನಿಜಗುಣ ಹಡಗಲಿ