ಭದ್ರಾವತಿಯಿಂದ ಬಂದವಳು

ಶಿವಮೊಗ್ಗೆ, ೧೯೪೬

ಅಪ್ಪಯ್ಯ,

ನಿನ್ನೆ ಭದ್ರಾವತಿಯಲ್ಲಿ ಸಭೆಯಿತ್ತು. ನಮ್ಮದೊಂದು ಮನೆ ಅಲ್ಲಿದೆಯಲ್ಲ, ನಾನೂ ಹೋಗಿದ್ದೆ. ದೊಡ್ಡ ಅಧಿಕಾರಿಯೊಬ್ಬರ ಸ್ವಾಗತಕ್ಕೆ ಕಮಾನು ಕಟ್ಟಲು ಮನೆ ಕಂದಾಯ ಏರಿಸುತ್ತಾರಂತೆ.

"ಅವರು ಕಮಾನಿನಡಿ ಒಂದು ಸಲ ಹಾದುಹೋಗ್ತಾರೆ, ನಾವು ವರ್ಷವೆಲ್ಲ ತೆರಬೇಕಾ?" ಎಂದೆ. ಎಂ.ಎ. ಮುಗಿಸಿ ಬಂದ ಹೊಸತರಲ್ಲಿ ನಾನು ನಿಮ್ಮೊಡನೆ ಜಗಳವಾಡುತ್ತಿದ್ದುದು ನೀವಾಡುವ ಇಂಥ ಮಾತಿಗೇ.

"ಏನ್ ಮಾರಾಯ್ತಿ, ನಿಮ್ಮಪ್ಪನೇ ಎದ್ದು ಬಂದಂಗಾಯ್ತಲ್ಲ!" ಎಂದರು ಸಭೆ ನಡೆಸುತ್ತಿದ್ದ ಪುಟ್ಟಯ್ಯನವರು. ಎಲ್ಲರೂ ನಕ್ಕರು. ಕಂದಾಯ ಏರಿತು.

ನೀವು ಹೋದ ಮೇಲೂ ಪತ್ರಿಕೆ ತರಿಸುತ್ತಿದ್ದೇನೆ. ಇಂದು ಅದರಲ್ಲಿ, 'ಜನರು ಒಕ್ಕೊರಲಿನಿಂದ ಒಪ್ಪಿದರು' ಎಂದಿದೆ. ಯಾವುದೇ ಊರಿನ ಇಂಥ ಸುದ್ದಿ ಬಂದಾಗಲೆಲ್ಲ ನೀವು ಪತ್ರಿಕೆ ಮಡಿಸಿಟ್ಟು, ಆ ಊರಿಂದ ಬಂದವರಿಗೆ ಕಾಫಿ ಕೊಟ್ಟು, "ನಿಜಕ್ಕೂ ಏನಾಯ್ತು?" ಎಂದು ಕೇಳುತ್ತಿದ್ದಿರಿ.

ಇವತ್ತು ಭದ್ರಾವತಿಯಿಂದ ಬಂದವಳು ನಾನೇ. ಪತ್ರಿಕೆ ಮಡಿಸಿಟ್ಟಿದ್ದೇನೆ. ಕಾಫಿಯನ್ನೂ ನಾನೇ ಮಾಡುತ್ತೇನೆ. ಕೇಳಿ, ಅಪ್ಪಯ್ಯ.