ಒಂದೇ ಬಾವಿಯ ಇಪ್ಪತ್ತಾರು ಬಾಟಲಿಗಳು

ಕುಡಿಯುವ ನೀರಿನ ಶುದ್ಧತೆಯ ಹೊಣೆ ಹೊತ್ತ ಮೇಲಧಿಕಾರಿಗಳೇ,

ನಮ್ಮ ಪರೀಕ್ಷಾ ಕೇಂದ್ರಕ್ಕೆ ತಾವು ಕಳಿಸಿದ ಪ್ರಶಂಸಾಪತ್ರ ಒಂದು ಸುಳ್ಳು ವರದಿಗೆ ಸಂದಿದೆ. ಇಪ್ಪತ್ತಾರು ಊರುಗಳ ಬಾವಿನೀರು ಕುಡಿಯಲು ಯೋಗ್ಯ ಎಂದು ನಾವು ಬರೆದೆವು. ಆ ಇಪ್ಪತ್ತಾರು ಬಾಟಲಿಗಳನ್ನೂ ತುಂಬಿಸಿದ್ದು ಗುರುವಾಯನಕೆರೆ ಕಡೆಯ ಒಂದು ಹೋಟೆಲಿನ ಹಿಂದಿನ ಬಾವಿಯಿಂದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಇಷ್ಟು ಒಮ್ಮತದ ನೀರು ಹಿಂದೆಂದೂ ಕಂಡಿರಲಿಕ್ಕಿಲ್ಲ. ಇಪ್ಪತ್ತಾರು ಕಡೆಯ ಗಡಸುತನ, ಉಪ್ಪಿನಂಶ ಎಲ್ಲವೂ ಒಂದೇ ಅಂಕಿಯಲ್ಲಿದ್ದಾಗ ತಮಗೆ ಅನುಮಾನ ಬರಬೇಕಿತ್ತು. ಮೆಚ್ಚುಗೆ ಬಂತು.

ತಮ್ಮ ಆದೇಶದ ಪ್ರಕಾರ ಅಷ್ಟೂ ಊರುಗಳ ನೀರನ್ನು ಒಂದೇ ದಿನ ಸಂಗ್ರಹಿಸಬೇಕು. ನಮಗಿರುವುದು ಒಂದು ಜೀಪು, ಅದೂ ಗ್ಯಾರೇಜಿನಲ್ಲಿದೆ. ಮುಂಡಾಜೆಯವರೆಗೆ ಬಸ್ಸಿನಲ್ಲಿ ಹೋಗಬಹುದು. ನೆರಿಯದ ಬಾವಿಗೆ ಬಸ್ಸಿಳಿದ ಮೇಲೂ ಅರ್ಧ ಗಂಟೆ ಗುಡ್ಡ ಹತ್ತಬೇಕು. ಆದೇಶ ಬರೆದವರ ನಕಾಶೆಯಲ್ಲಿ ಗುಡ್ಡಗಳು ಇರಲಿಲ್ಲವೇನೋ. ನಮ್ಮ ವಿಭಾಗದ ಮುಖ್ಯಸ್ಥ ಲೋಕನಾಥರು ಮತ್ತು ಸಹಾಯಕ ತರುಣ್, ಹೋಟೆಲಿನಲ್ಲಿ ಗೋಳಿಬಜೆ ಬೇಯುವಷ್ಟರಲ್ಲಿ ಮೂರು ತಾಲೂಕುಗಳನ್ನು ಮುಗಿಸಿದರು. ನನ್ನ ಪಾಲೂ ಇದೆ. ಅಕ್ಷರ ಚಂದವೆಂಬ ಕಾರಣಕ್ಕೆ ಬಾಟಲಿಗಳಿಗೆ ಊರಿನ ಹೆಸರು ಬರೆದು ಅಂಟಿಸುವವನು ನಾನು, ಅದೂ ಹಿಂದಿನ ದಿನವೇ. ಹೆಸರು ಮೊದಲು, ನೀರು ಆಮೇಲೆ. ಇದು ನಮ್ಮ ಕೇಂದ್ರದ ಪದ್ಧತಿ.

ವಿಷಯ ಗೊತ್ತಾದ ಮೇಲೆ ಹನ್ನೆರಡು ದಿನ ಸುಮ್ಮನಿದ್ದೆ. ಸುಮ್ಮನಿರುವುದು ನಾನು ಎಣಿಸಿದಷ್ಟು ಕಷ್ಟವಾಗಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ನನ್ನ ತಾಯಿ ಮಂಗಳೂರಿನ ಆಸ್ಪತ್ರೆಯಲ್ಲಿದ್ದ ಆರು ವಾರ ನನ್ನ ಕೆಲಸವನ್ನೂ ಹೊತ್ತು ಮಾಡಿ, ಅದನ್ನು ಒಮ್ಮೆಯೂ ಎತ್ತಿ ಆಡದವರು ಲೋಕನಾಥರು. ಅಂಥವರ ಮೇಲೆ ದೂರು ಕೊಡುವವನನ್ನು ಏನೆಂದು ಕರೆಯುತ್ತಾರೆ? ಕೊಡದವನನ್ನು? ಎರಡನೆಯದಕ್ಕೆ ಒಳ್ಳೆಯ ಸಹೋದ್ಯೋಗಿ ಎಂಬ ಹೆಸರು ಸಿದ್ಧವಿತ್ತು. ಅದನ್ನೇ ಅಂಟಿಸಿಕೊಂಡು ಓಡಾಡಿದೆ.

ಹದಿಮೂರನೆಯ ದಿನ ಬೇರೆ ಕೆಲಸಕ್ಕೆಂದು ನೆರಿಯಕ್ಕೆ ಹೋದಾಗ ಜೈನಬಮ್ಮನವರ ಮನೆಯಲ್ಲಿ ನೀರು ಕೇಳಿದೆ. ಅಡುಗೆಮನೆಯಲ್ಲಿ ಕೊಡಪಾನಗಳ ಮೇಲಿನ ಗೋಡೆಯಲ್ಲಿ, ನೀರು ಕುಡಿಯಲು ಯೋಗ್ಯ ಎಂದು ಬಾವಿಯ ಮನೆಯವರಿಗೆ ಕೊಟ್ಟ ನಮ್ಮ ಚೀಟಿ ಪ್ಲಾಸ್ಟಿಕ್ ಕವರಿನೊಳಗೆ ತೂಗುತ್ತಿತ್ತು. ಮೊಮ್ಮಗಳು ಹಸ್ನಾ ನಾಲ್ಕು ದಿನದಿಂದ ಹೊಟ್ಟೆ ಕೆಟ್ಟು ಶಾಲೆಗೆ ಹೋಗಿರಲಿಲ್ಲ. ಅಜ್ಜಿ ಮಾವಿನಕಾಯಿಯನ್ನು ಬೈಯುತ್ತಿದ್ದರು. ನೀರು ಕಾಯಿಸುತ್ತೀರಲ್ಲ ಎಂದು ಕೇಳಿದೆ.

"ಮೊದಲು ಕಾಯಿಸ್ತಿದ್ದೆ ಸಾರ್. ಈಗ ಬಿಟ್ಟೆ. ಸರ್ಕಾರದ ಸೀಲೇ ಉಂಟಲ್ಲ."

ಆದರೂ ಕಾಯಿಸಿ ಎಂದೆ.

"ಹಾಗಾದ್ರೆ ಈ ಚೀಟಿ ಕೊಟ್ಟದ್ದು ಯಾಕೆ?"

ನಾನು ಕನ್ನಡಕ ಒರೆಸಿಕೊಂಡೆ. ಅವರ ಬಾವಿಯ ನೀರನ್ನು ಪರೀಕ್ಷೆಯ ಬಾಟಲಿಯೊಂದರಲ್ಲಿ ತಂದು ಕಚೇರಿಯ ಕಪಾಟಿನ ಮೇಲಿಟ್ಟೆ. ಹೊಲಸು ಸೇರಿದ ನೀರಾದರೆ ಅದರೊಳಗಿನ ಮದ್ದು ಕಪ್ಪಾಗುತ್ತದೆ. ಮರುದಿನ ಮಧ್ಯಾಹ್ನ ಅದು ಒಗ್ಗರಣೆ ಸೀದ ಬಾಣಲೆಯ ಬಣ್ಣಕ್ಕೆ ಬಂದಿತ್ತು.

ಲೋಕನಾಥರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಎಲ್ಲಿಯದ್ದು ಮಾರಾಯ?"

"ನೆರಿಯದ್ದು."

"ನೆರಿಯದ್ದು ಒಳ್ಳೆಯದುಂಟು ಅಂತ ಬರೆದಾಗಿದೆಯಲ್ಲ?"

"ನಾವು ಬರೆದದ್ದು ಬಾವಿಗೆ ಗೊತ್ತಿಲ್ಲ."

ಅವರು ಬಾಟಲಿಯನ್ನು ಕಪಾಟಿನ ಮೇಲೆ ಮೊದಲಿದ್ದಲ್ಲೇ ಇಟ್ಟರು.

ಆ ಸಂಜೆ ದೂರು ಬರೆದೆ. ನಿಯಮದಂತೆ ದೂರು ವಿಭಾಗದ ಮುಖ್ಯಸ್ಥರ ಮೂಲಕವೇ ಹೋಗಬೇಕು. ಹಾಗಾಗಿ ಲೋಕನಾಥರ ಮೇಲಿನ ದೂರನ್ನು ಲೋಕನಾಥರ ಮೇಜಿನ ಮೇಲೇ ಇಟ್ಟೆ. ಎರಡೂ ಪುಟ ಓದಿದರು. "ನಿನ್ನ ಹೆಸರೂ ಹಾಕಿದ್ದೀಯಲ್ಲ," ಎಂದರು. ಹಾಕಿದ್ದೇನೆ ಎಂದೆ. ಸೀಲು ಒತ್ತಿ ಕಳಿಸಿದರು. ಅವರು ಆ ಸೀಲು ಒತ್ತುವಾಗ ಮುಖ ತಗ್ಗಿಸಿದ್ದನ್ನು ಯಾವ ಕಡತವೂ ದಾಖಲಿಸಿಕೊಂಡಿಲ್ಲ.

ಮೂರು ವಾರದ ಮೇಲೆ ತಮ್ಮ ಉತ್ತರ ಬಂತು: ಆರೋಪ ಗಂಭೀರವಾಗಿದ್ದು, ವಿಭಾಗದ ಮುಖ್ಯಸ್ಥರು ವಿಚಾರಣೆ ನಡೆಸಿ ವರದಿ ಸಲ್ಲಿಸತಕ್ಕದ್ದು. ಲೋಕನಾಥರು ಅದನ್ನು ನನ್ನ ಮುಂದಿಟ್ಟರು. "ನನ್ನನ್ನು ನಾನೇ ವಿಚಾರಿಸ್ಬೇಕಂತೆ. ನನಗೆ ನೋಟೀಸು ಕೊಡುವುದು ಯಾರು, ನೀನಾ ನಾನಾ?" ಇಬ್ಬರೂ ನಕ್ಕೆವು. ಆ ನಗುವಿನಲ್ಲಿ ಇನ್ನೂ ಸ್ವಲ್ಪ ಸ್ನೇಹ ಉಳಿದಿತ್ತು ಎಂದು ನಂಬಿದ್ದೇನೆ.

ಮುಖ್ಯಸ್ಥರ ಮೂಲಕ ಹೋಗಬೇಕಾದ ದಾರಿಗಳೆಲ್ಲ ಹೊರಟಲ್ಲಿಗೇ ಮರಳುವುದರಿಂದ ಈ ಪತ್ರವನ್ನು ಎಲ್ಲರೆದುರು ಬರೆಯುತ್ತಿದ್ದೇನೆ. ನಮ್ಮನ್ನು ಅಮಾನತು ಮಾಡುವುದು, ವರ್ಗಾಯಿಸುವುದು ತಮ್ಮ ಚಿತ್ತ, ಅದಕ್ಕೆ ಅವಸರವಿಲ್ಲ. ಅವಸರವಿರುವುದು ಒಂದು ಚೀಟಿಗೆ. ಬಾಟಲಿ ಕಪ್ಪಾದ ಮೇಲೆ ಮತ್ತೆ ನೆರಿಯಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜೈನಬಮ್ಮ ನನ್ನನ್ನೂ ಗೋಡೆಯನ್ನೂ ನೋಡಿದರು. "ನೀವು ಬಾಯಲ್ಲಿ ಹೇಳ್ತೀರಿ, ಅದು ಕಾಗದದಲ್ಲಿ ಉಂಟು. ನಿಮ್ಮ ಮಾತಿಗೆ ಮಗುವಿಗೆ ಮಾತ್ರ ಕಾಯಿಸ್ತೇನೆ," ಎಂದರು. ತಮ್ಮ ಸೀಲಿನ ಮೇಲೆ ಅಷ್ಟು ವಿಶ್ವಾಸವಿಟ್ಟವರು ತಮ್ಮ ಕಚೇರಿಯಲ್ಲೂ ಇರಲಿಕ್ಕಿಲ್ಲ. ಉಳಿದ ಊರುಗಳಿಗೆ ಬಾಯಲ್ಲಿ ಹೇಳಿದವರೂ ಇಲ್ಲ.

ಆದ್ದರಿಂದ ಅದೇ ಅಳತೆಯ ಕಾಗದದಲ್ಲಿ, ಅದೇ ದುಂಡು ಸೀಲಿನೊಂದಿಗೆ, ಹಿಂದಿನ ವರದಿ ರದ್ದಾಗಿದೆ, ಮರುಪರೀಕ್ಷೆಯವರೆಗೆ ನೀರು ಕಾಯಿಸಿ ಕುಡಿಯಿರಿ ಎಂದು ಇಪ್ಪತ್ತಾರು ಚೀಟಿ ಈ ವಾರವೇ ಹೊರಡಿಸಿ. ಮರುಪರೀಕ್ಷೆಯ ಬಾಟಲಿಗಳಿಗೆ ಊರಿನ ಹೆಸರು ಬರೆಯಲು ಜನ ಬೇಕಾದರೆ ನಾನಿದ್ದೇನೆ. ಈ ಸಲ ಬಾವಿಯ ಕಟ್ಟೆಯ ಮೇಲೆ ಕೂತು, ನೀರು ತುಂಬಿದ ಮೇಲೆಯೇ ಬರೆಯುತ್ತೇನೆ.

ಇಂತಿ,
ಇಪ್ಪತ್ತಾರು ಸಲ ದುಂಡಗೆ ಸುಳ್ಳು ಬರೆದವನು